ಮೈಕ್ರೋಕಂಟ್ರೋಲರ್ ಬರವಣಿಗೆಗೆ ಗಣಕದ ಅಣಿ: ಇತಿಹಾಸದ ಅಧ್ಯಾಪಕನೊಬ್ಬನ ಟಿಪ್ಪಣಿ

1. ಪೀಠಿಕೆ

ಇತಿಹಾಸಕ್ಕೆ ಸಂಬಂಧಿಸಿದ ಸಂಶೋಧನ ಲೇಖನಗಳ ನಡುವೆ ಗಣಕಯಂತ್ರದ ತಂತ್ರಾಂಶವೊಂದನ್ನು ಅಣಿಗೊಳಿಸುವ ಕ್ರಮವನ್ನು ಕುರಿತ ಲೇಖನವು ಕಾಣಿಸಿಕೊಂಡುದನ್ನು ನೋಡಿ ವಾಚಕರಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಅದು ಸಹಜವೇ. ಆದಕಾರಣ ಈ ವಿಷಯಕ್ಕೆ ಕೈಹಾಕಬೇಕಾದ ಸಂದರ್ಭವನ್ನು ಮೊದಲು ನಿವೇದಿಸುವುದು ಯುಕ್ತವಾಗಿದೆ.

ಓಲೆಗರಿ, ಕಡತ, ಹಳೆಯ ಕಾಗದಪತ್ರಗಳು ನಮ್ಮ ಶಾಸ್ತ್ರದ ಆಕರಗಳು. ಗುಬ್ಬಿಯ ಮಲ್ಲಣಾರ್ಯನ ಕಾವ್ಯಗಳು ನಮ್ಮ ಕಾಲದವರೆಗೆ ಉಳಿದುಬಂದುದು ಇಂಥ ಹಸ್ತಪ್ರತಿಗಳ ಮೂಲಕವೇ. ಆಕರಗಳನ್ನು ಓದುವುದು ಎಷ್ಟು ಮುಖ್ಯವೋ ಕಾಪಾಡುವುದೂ ಅಷ್ಟೇ ಮುಖ್ಯ. ಕೊಠಡಿಯ ಗಾಳಿಯ ಸಾಪೇಕ್ಷ ಆರ್ದ್ರತೆಯು ಸೇಕಡಾ 65ನ್ನು ಮೀರಿ ಬಹುದಿನ ನಿಂತರೆ ಕಾಗದಕ್ಕೂ ಗರಿಗೂ ಬೂಷ್ಟು ಹಿಡಿಯುವ ಸಂಭವವು ಹೆಚ್ಚುತ್ತದೆ. ಮಳೆಗಾಲದಲ್ಲಿ ಕಿಟಕಿಗಳನ್ನು ತೆರೆಯಬೇಕೆ, ಮುಚ್ಚಬೇಕೆ, ಕಪಾಟನ್ನು ಗೋಡೆಯಿಂದ ಸರಿಸಬೇಕೆ ಎಂಬ ಪ್ರಶ್ನೆಗಳಿಗೆ ಊಹೆಯಿಂದ ಉತ್ತರ ಹೇಳಲಾಗದು. ಹಗಲಿರುಳೂ ಆರ್ದ್ರತೆಯನ್ನು ಅಳೆದು ಬರೆದಿಟ್ಟ ದಾಖಲೆ ಬೇಕು. ಅಲ್ಪ ವೆಚ್ಚದಲ್ಲಿ ಈ ಕೆಲಸವನ್ನು ಮಾಡಬಲ್ಲ ಉಪಕರಣವನ್ನು ಒಂದು ಮೈಕ್ರೋಕಂಟ್ರೋಲರಿನಿಂದ ನಾವೇ ಕಟ್ಟಿಕೊಳ್ಳಬಹುದು.

ಕೆಲವು ವರ್ಷಗಳ ಹಿಂದೆ ಈ ಲೇಖಕನು ವಿದ್ಯಾರ್ಥಿಗಳ ನೆರವಿನಿಂದ ಅಂಥದೊಂದು ಉಪಕರಣವನ್ನು ಹಳೆಯ ಕಾಗದಗಳಿದ್ದ ಒಂದು ಕೊಠಡಿಯಲ್ಲಿ ಇರಿಸಿದನು. ಮಳೆಗಾಲ ಕಳೆದ ಮೇಲೆ ನೋಡಿದಾಗ ಕೆಳಗಿನ ಹಲಗೆಯ ಕಾಗದಗಳಿಗೆ ಬೂಷ್ಟು ಬಂದಿದ್ದಿತು. ಉಪಕರಣದ ಸ್ಮೃತಿಕಾರ್ಡಿನಲ್ಲಿ ಸಾವಿರಾರು ಅಂಕಿಗಳೇನೋ ದೊರೆತವು. ಆದರೆ ಅವುಗಳ ಎದುರಿಗೆ ದಿನಾಂಕವಿರಲಿಲ್ಲ. ಉಪಕರಣವು ಆರಂಭವಾದಂದಿನಿಂದ ಕಳೆದ ಮಿಲಿಸೆಕೆಂಡುಗಳ ಸಂಖ್ಯೆ ಮಾತ್ರ ಇದ್ದಿತು. ಆ ಸಂಖ್ಯೆಯೂ ನಡುವೆ ಎರಡು ಬಾರಿ ಸೊನ್ನೆಗೆ ಮರಳಿದ್ದಿತು. ಒಂದೊಂದು ಅಂಕಿಯು ಒಂದು ಸಲದ ಅಳತೆಯೋ ಹತ್ತು ಸಲದ ಸರಾಸರಿಯೋ ಎಂಬುದೂ ತಿಳಿಯಲಿಲ್ಲ. ಪ್ರೋಗ್ರಾಮನ್ನು ಬರೆದಿದ್ದ ಗಣಕಯಂತ್ರವನ್ನು ಅಷ್ಟರಲ್ಲಿ ಅಳಿಸಿ ಹೊಸದಾಗಿ ಅಣಿಗೊಳಿಸಲಾಗಿತ್ತು; ಬರೆದ ವಿದ್ಯಾರ್ಥಿಯು ಪದವಿ ಮುಗಿಸಿ ಹೋಗಿದ್ದನು. ಹೀಗೆ ಒಂದು ಮಳೆಗಾಲದ ದಾಖಲೆಯು ಕೈಯಲ್ಲಿದ್ದೂ ಪ್ರಮಾಣವಾಗದೆ ಹೋಯಿತು. ತಪ್ಪು ಈ ಲೇಖಕನದೇ ಹೊರತು ಇನ್ನಾರದೂ ಅಲ್ಲ. ಶಿಲೆಯ ಮೇಲಿನ ಲಿಪಿಯಲ್ಲಿ ಯಾವ ಎಚ್ಚರವನ್ನು ವಹಿಸುತ್ತೇವೆಯೋ ಅದನ್ನು ನಾವೇ ನಿರ್ಮಿಸುವ ದಾಖಲೆಯಲ್ಲಿ ವಹಿಸಲಿಲ್ಲವೆಂಬುದೇ ಆ ತಪ್ಪು.

ಅನಂತರ ತುಮಕೂರು, ಗುಬ್ಬಿ ಮತ್ತು ಕುಣಿಗಲ್ಲುಗಳ ಮೂರು ಕೊಠಡಿಗಳಲ್ಲಿ ಈ ಕೆಲಸವನ್ನು ಹೊಸದಾಗಿ ಆರಂಭಿಸಿದಾಗ ಅನುಸರಿಸಿದ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ. ಗಣಕದ ಅಣಿಯೆಂಬುದು ಕೇವಲ ಪೂರ್ವಸಿದ್ಧತೆಯಲ್ಲ, ಅದೂ ದಾಖಲೆಯ ಒಂದು ಅಂಗ. ಅದನ್ನು ಬರವಣಿಗೆಯಲ್ಲಿ ಉಳಿಸದಿದ್ದರೆ ಅಳತೆಯೂ ಉಳಿಯುವುದಿಲ್ಲ ಎಂಬುದು ಈ ಲೇಖನದ ಪ್ರತಿಪಾದ್ಯ ವಿಷಯ.

2. ಮೈಕ್ರೋಕಂಟ್ರೋಲರಿನ ಸ್ವರೂಪ

ಮೈಕ್ರೋಕಂಟ್ರೋಲರೆಂದರೆ ಸಂಸ್ಕಾರಕ, ಸ್ಮೃತಿ ಮತ್ತು ಹೊರಗಿನ ತಂತಿಗಳನ್ನು ಮುಟ್ಟುವ ಕಾಲುಗಳು ಇವೆಲ್ಲವನ್ನೂ ಒಂದೇ ಚಿಪ್ಪಿನಲ್ಲಿ ಅಡಗಿಸಿದ ಒಂದು ಸಣ್ಣ ಗಣಕ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು 1974ರಲ್ಲಿ ಟಿ.ಎಂ.ಎಸ್. 1000 ಎಂಬುದನ್ನು ಮಾರಾಟಕ್ಕೆ ತಂದಿತು. ಇಂಟೆಲ್ ಸಂಸ್ಥೆಯ 8048 ಎಂಬುದು 1976ರಲ್ಲಿಯೂ 8051 ಎಂಬುದು 1980ರಲ್ಲಿಯೂ ಬಂದುವು. ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಬಹುಕಾಲ ಅಭ್ಯಾಸ ಮಾಡಿದುದು ಈ 8051ರ ಮೇಲೆಯೇ.

ಎಂಜಿನಿಯರಿಂಗ್ ಓದದವರಿಗೂ ಈ ವಿದ್ಯೆಯು ಎಟುಕುವಂತಾದುದು 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದ ವಿನ್ಯಾಸಶಾಲೆಯೊಂದರಲ್ಲಿ ಆರ್ಡುಯಿನೊ ಎಂಬ ಫಲಕವು ಹುಟ್ಟಿದ ಮೇಲೆ. ಕಲಾವಿದರೂ ವಿದ್ಯಾರ್ಥಿಗಳೂ ಬಳಸಲೆಂದೇ ಅದನ್ನು ಮಾಡಿದರು. ಆರ್ಡುಯಿನೊ ಉನೊ ಎಂಬ ಪ್ರಸಿದ್ಧ ಫಲಕದಲ್ಲಿರುವ ಎ.ಟಿ. ಮೆಗಾ 328ಪಿ ಚಿಪ್ಪಿನ ಸಾಮರ್ಥ್ಯವನ್ನು ಗಮನಿಸಿರಿ: ವೇಗವು ಸೆಕೆಂಡಿಗೆ 1 ಕೋಟಿ 60 ಲಕ್ಷ ಮಿಡಿತ, ಪ್ರೋಗ್ರಾಮನ್ನು ಇರಿಸಲು 32 ಕಿಲೋಬೈಟು, ಕೆಲಸ ಮಾಡುವಾಗಿನ ಸ್ಮೃತಿಗೆ 2 ಕಿಲೋಬೈಟು, ವಿದ್ಯುತ್ತು ಹೋದರೂ ಅಳಿಯದ ಅಂಕಿಗಳಿಗೆ 1 ಕಿಲೋಬೈಟು. ಒಂದು ಅಳತೆಗೆ 4 ಬೈಟಿನಂತೆ ಈ ಕೊನೆಯ ಸ್ಥಳದಲ್ಲಿ 256 ಅಳತೆಗಳು ಮಾತ್ರ ಹಿಡಿಯುತ್ತವೆ. ಹತ್ತು ನಿಮಿಷಕ್ಕೊಮ್ಮೆ ಅಳೆದರೆ ದಿನಕ್ಕೆ 144 ಅಳತೆಗಳಾಗುವುದರಿಂದ ಎರಡು ದಿನಕ್ಕೆ ಮೊದಲೇ ಸ್ಥಳವು ತುಂಬುತ್ತದೆ. ಆದ್ದರಿಂದ ಪ್ರತ್ಯೇಕವಾದ ಸ್ಮೃತಿಕಾರ್ಡು ಅಗತ್ಯ. ವರ್ಷಕ್ಕೆ 52,560 ಸಾಲುಗಳಾದರೂ ಸಾಲಿಗೆ 30 ಬೈಟಿನಂತೆ ಅದು ಸುಮಾರು ಒಂದೂವರೆ ಮೆಗಾಬೈಟನ್ನು ಮೀರುವುದಿಲ್ಲ.

ಆರ್ದ್ರತೆಯನ್ನು ಅಳೆಯಲು ನಾವು ಬಳಸಿದುದು ಡಿ.ಎಚ್.ಟಿ. 22 ಎಂಬ ಸಂವೇದಕ. ಉಷ್ಣತೆಯಲ್ಲಿ ಅದರ ದೋಷವು ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್; ಆರ್ದ್ರತೆಯಲ್ಲಿ ಸೇಕಡಾ 2ರಿಂದ 5. ಎರಡು ಸೆಕೆಂಡಿಗೊಮ್ಮೆಗಿಂತ ಬೇಗನೆ ಅದನ್ನು ಪ್ರಶ್ನಿಸಬಾರದು. ನಮ್ಮ ಕೆಲಸಕ್ಕೆ ಇಷ್ಟು ಸಾಕು.

3. ಎರಡು ಮಾರ್ಗಗಳು

ಚಿಪ್ಪಿಗೆ ತೆರೆಯಾಗಲಿ ಕೀಲಿಮಣೆಯಾಗಲಿ ಇಲ್ಲದ ಕಾರಣ ಪ್ರೋಗ್ರಾಮನ್ನು ನಮ್ಮ ಮೇಜಿನ ಮೇಲಿನ ಗಣಕದಲ್ಲಿ ಬರೆದು, ಯಂತ್ರಭಾಷೆಗೆ ತಿರುಗಿಸಿ, ಯು.ಎಸ್.ಬಿ. ತಂತಿಯ ಮೂಲಕ ಚಿಪ್ಪಿಗೆ ಏರಿಸಬೇಕು. ಬರೆಯುವ ಸ್ಥಾನವೇ ಸಂಪಾದಕ ತಂತ್ರಾಂಶ, ತಿರುಗಿಸುವುದು ಕಂಪೈಲರ್. ಒಮ್ಮೆ ಏರಿದ ಮೇಲೆ ಚಿಪ್ಪಿನಲ್ಲಿ ಉಳಿಯುವುದು ಯಂತ್ರಭಾಷೆಯ ಅಂಕಿಗಳು ಮಾತ್ರ. ನಾವು ಕೊಟ್ಟ ಹೆಸರುಗಳಾಗಲಿ ಬರೆದ ಟಿಪ್ಪಣಿಗಳಾಗಲಿ ಅಲ್ಲಿ ಇರುವುದಿಲ್ಲ. ಚಿಪ್ಪು ಕೈಯಲ್ಲಿದ್ದರೆ ಪ್ರೋಗ್ರಾಮು ಕೈಯಲ್ಲಿದ್ದಂತೆಯೇ ಎಂಬ ಭಾವನೆಯು ತಪ್ಪು. ಮೂಲಪ್ರತಿಯು ಇರುವುದು ಗಣಕದಲ್ಲಿಯೇ.

ಬರೆಯಲು ಎರಡು ಮಾರ್ಗಗಳು ಪ್ರಚಾರದಲ್ಲಿವೆ. ಮೊದಲನೆಯದು ಆರ್ಡುಯಿನೊ ಸಂಸ್ಥೆಯವರದೇ ಆದ ಆರ್ಡುಯಿನೊ ಐ.ಡಿ.ಇ.; ಇದರ ಎರಡನೆಯ ಅವತರಣಿಕೆಯು 2022ರಲ್ಲಿ ಹೊರಬಂದಿತು. ಎರಡನೆಯದು ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಪ್ರಕಟಿಸಿದ ವಿಷುಯಲ್ ಸ್ಟುಡಿಯೊ ಕೋಡ್ ಎಂಬ ಸಂಪಾದಕಕ್ಕೆ ಪ್ಲಾಟ್‌ಫಾರ್ಮ್‌ಐಒ ಎಂಬ ಅಂಗವನ್ನು ಜೋಡಿಸಿಕೊಳ್ಳುವುದು. ಪ್ಲಾಟ್‌ಫಾರ್ಮ್‌ಐಒ ಎಂಬುದು ಉಕ್ರೇನ್ ದೇಶದ ಇವಾನ್ ಕ್ರಾವೆಟ್ಸ್ ಎಂಬವರು 2014ರಲ್ಲಿ ಆರಂಭಿಸಿದ ಕಾರ್ಯ. ಇವೆಲ್ಲವೂ ಹಣ ಕೊಡದೆಯೇ ದೊರೆಯುತ್ತವೆ. ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲಿಯೂ ನಡೆಯುತ್ತವೆ.

ಒಂದು ದಿನದ ಪ್ರಾತ್ಯಕ್ಷಿಕೆಗೆ ಮೊದಲನೆಯ ಮಾರ್ಗವೇ ಸುಲಭ. ಅದನ್ನು ಹೀನವೆಂದು ಭಾವಿಸಲಾಗದು. ಆದರೆ ಅಲ್ಲಿ ಲೈಬ್ರರಿಗಳು, ಎಂದರೆ ಸಂವೇದಕ ಮೊದಲಾದುವನ್ನು ನಡೆಸಲು ಇತರರು ಬರೆದಿಟ್ಟ ಪ್ರೋಗ್ರಾಮುಗಳು, ಸಾಮಾನ್ಯವಾಗಿ ಆ ಗಣಕದ ಒಂದು ಸಮಾನ ಸ್ಥಳದಲ್ಲಿ ಇರುತ್ತವೆ. ಒಂದು ಕೆಲಸಕ್ಕಾಗಿ ಲೈಬ್ರರಿಯನ್ನು ಹೊಸ ಅವತರಣಿಕೆಗೆ ಬದಲಾಯಿಸಿದರೆ ಅದನ್ನು ಆಶ್ರಯಿಸಿದ ಬೇರೆ ಕೆಲಸಗಳೂ ಬದಲಾಗುತ್ತವೆ. ಪ್ರೋಗ್ರಾಮನ್ನು ಮಾತ್ರ ಬೇರೆ ಊರಿಗೆ ಒಯ್ದರೆ ಲೈಬ್ರರಿಯು ಹಿಂದೆಯೇ ಉಳಿಯುತ್ತದೆ. ಪ್ಲಾಟ್‌ಫಾರ್ಮ್‌ಐಒದಲ್ಲಿಯಾದರೋ ಯಾವ ಫಲಕ, ಯಾವ ಲೈಬ್ರರಿ, ಯಾವ ಅವತರಣಿಕೆ ಎಂಬ ಎಲ್ಲ ಸಂಗತಿಗಳೂ ಆ ಕೆಲಸದ ಫೋಲ್ಡರಿನಲ್ಲಿಯೇ ಬರವಣಿಗೆಯಲ್ಲಿ ನಿಲ್ಲುತ್ತವೆ. ಮೂರು ಊರುಗಳಲ್ಲಿ ನಡೆಯಬೇಕಾದ, ವರ್ಷಾನುಗಟ್ಟಲೆ ಉಳಿಯಬೇಕಾದ ಕೆಲಸಕ್ಕೆ ನಾವು ಎರಡನೆಯ ಮಾರ್ಗವನ್ನು ಆರಿಸಿದುದಕ್ಕೆ ಇದೇ ಕಾರಣ.

4. ಸ್ಥಾಪನೆಯ ಕ್ರಮ

ಮೊದಲು ವಿಷುಯಲ್ ಸ್ಟುಡಿಯೊ ಕೋಡನ್ನು ಅದರ ಅಧಿಕೃತ ಜಾಲತಾಣದಿಂದಲೇ ಇಳಿಸಿಕೊಂಡು ಸ್ಥಾಪಿಸಬೇಕು. ತೆರೆದ ಮೇಲೆ ಎಡಗಡೆಯ ಪಟ್ಟಿಯಲ್ಲಿ ಎಕ್ಸ್‌ಟೆನ್ಷನ್ಸ್ ಎಂಬ ಚೌಕಗಳ ಚಿಹ್ನೆಯಿದೆ. ಕಂಟ್ರೋಲ್, ಶಿಫ್ಟ್, ಎಕ್ಸ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೂ ಅದೇ ತೆರೆಯುತ್ತದೆ. ಅಲ್ಲಿ ಪ್ಲಾಟ್‌ಫಾರ್ಮ್‌ಐಒ ಐ.ಡಿ.ಇ. ಎಂದು ಹುಡುಕಿ ಸ್ಥಾಪಿಸಬೇಕು. ತನಗೆ ಬೇಕಾದ ಉಳಿದ ಭಾಗಗಳನ್ನು ಅದು ತಾನೇ ಇಳಿಸಿಕೊಳ್ಳುವುದು. ಇದಕ್ಕೆ ಅಂತರ್ಜಾಲವೂ ಹಲವು ನಿಮಿಷಗಳ ತಾಳ್ಮೆಯೂ ಬೇಕು. ಕೆಲಸವು ಮುಗಿಯಿತೆಂಬ ಸೂಚನೆ ಬರುವವರೆಗೆ ಸಂಪಾದಕವನ್ನು ಮುಚ್ಚಬಾರದು. ಬಂದ ಮೇಲೆ ಒಮ್ಮೆ ಮುಚ್ಚಿ ತೆರೆಯಬೇಕು. ಆಗ ಎಡಪಟ್ಟಿಯಲ್ಲಿ ಇರುವೆಯ ತಲೆಯನ್ನು ಹೋಲುವ ಹೊಸ ಚಿಹ್ನೆಯು ಕಾಣುತ್ತದೆ.

ಅಲ್ಲಿಂದ ಮುಖಪುಟಕ್ಕೆ ಹೋಗಿ ನ್ಯೂ ಪ್ರಾಜೆಕ್ಟ್ ಎಂಬುದನ್ನು ಆರಿಸಿದರೆ ಮೂರು ಪ್ರಶ್ನೆಗಳು ಬರುತ್ತವೆ: ಹೆಸರು, ಫಲಕ, ಚೌಕಟ್ಟು. ಫಲಕವು ಆರ್ಡುಯಿನೊ ಉನೊ, ಚೌಕಟ್ಟು ಆರ್ಡುಯಿನೊ. ಹೆಸರನ್ನು ರೋಮನ್ ಲಿಪಿಯಲ್ಲಿ, ಪದಗಳ ನಡುವೆ ಅಂತರವಿಲ್ಲದೆ ಕೊಡುವುದು ಕ್ಷೇಮ; ಫೋಲ್ಡರಿನ ದಾರಿಯಲ್ಲಿ ಬೇರೆ ಲಿಪಿಯಿದ್ದರೆ ಕೆಲವು ಉಪಕರಣಗಳು ತಡವರಿಸುತ್ತವೆ. ಹೀಗೆ ಮಾಡಿದಾಗ ಒಂದು ಫೋಲ್ಡರು ಏರ್ಪಡುತ್ತದೆ. ಅದರೊಳಗಿನ ಎಸ್.ಆರ್.ಸಿ. ಎಂಬ ಉಪಫೋಲ್ಡರಿನಲ್ಲಿರುವ ಮೇನ್ ಡಾಟ್ ಸಿ.ಪಿ.ಪಿ. ಎಂಬುದೇ ನಾವು ಬರೆಯಬೇಕಾದ ಕಡತ.

ಆರ್ಡುಯಿನೊ ಐ.ಡಿ.ಇ.ಯಿಂದ ಬಂದವರು ಇಲ್ಲಿ ಎರಡು ಭೇದಗಳನ್ನು ಗಮನಿಸಬೇಕು. ಕಡತದ ಮೊದಲ ಸಾಲಿನಲ್ಲಿ ಆರ್ಡುಯಿನೊ ಡಾಟ್ ಎಚ್ ಎಂಬುದನ್ನು ಸೇರಿಸಿಕೊಳ್ಳಬೇಕು. ಮತ್ತು ಮುಂದೆ ಬರೆಯುವ ಕಾರ್ಯಭಾಗಗಳನ್ನು ಹಿಂದೆಯೇ ಬಳಸುವುದಾದರೆ ಅವುಗಳ ಹೆಸರನ್ನು ಮೊದಲೇ ಸಾರಿರಬೇಕು. ಐ.ಡಿ.ಇ.ಯು ಇವೆರಡನ್ನೂ ನಮಗೆ ತಿಳಿಯದಂತೆ ತಾನೇ ಮಾಡಿಕೊಳ್ಳುತ್ತಿದ್ದಿತು.

ಕಿಟಕಿಯ ಕೆಳಪಟ್ಟಿಯಲ್ಲಿ ಮೂರು ಚಿಹ್ನೆಗಳು ಮುಖ್ಯವಾದುವು. ಸರಿಗುರುತು ಪ್ರೋಗ್ರಾಮನ್ನು ಯಂತ್ರಭಾಷೆಗೆ ತಿರುಗಿಸುತ್ತದೆ. ಬಾಣವು ಅದನ್ನು ಫಲಕಕ್ಕೆ ಏರಿಸುತ್ತದೆ. ಪ್ಲಗ್ಗಿನ ಚಿಹ್ನೆಯು ಫಲಕವು ಆಡುವ ಮಾತನ್ನು ತೋರಿಸುವ ಸೀರಿಯಲ್ ಮಾನಿಟರನ್ನು ತೆರೆಯುತ್ತದೆ. ಮೊದಲ ಸಲ ತಿರುಗಿಸುವಾಗ ಕಂಪೈಲರ್ ಮೊದಲಾದುವು ಇಳಿದುಬರುವುದರಿಂದ ತಡವಾಗುತ್ತದೆ. ಅಂತರ್ಜಾಲವು ಚೆನ್ನಾಗಿರುವಲ್ಲಿ ಆ ಮೊದಲ ಕಾರ್ಯವನ್ನು ಮುಗಿಸಿಕೊಂಡರೆ ಮುಂದೆ ಅಂತರ್ಜಾಲವಿಲ್ಲದ ಕೊಠಡಿಯಲ್ಲಿಯೂ ಕೆಲಸ ನಡೆಯುತ್ತದೆ.

5. ವಿನ್ಯಾಸದ ಕಡತ

ಫೋಲ್ಡರಿನಲ್ಲಿ ಪ್ಲಾಟ್‌ಫಾರ್ಮ್‌ಐಒ ಡಾಟ್ ಐ.ಎನ್.ಐ. ಎಂಬ ಹತ್ತಾರು ಸಾಲುಗಳ ಚಿಕ್ಕ ಕಡತವೊಂದಿದೆ. ಇಡೀ ಅಣಿಯ ಜೀವವು ಇದರಲ್ಲಿದೆ. ಯಾವ ಫಲಕ, ಯಾವ ಚೌಕಟ್ಟು, ಮಾನಿಟರಿನ ವೇಗವೆಷ್ಟು, ಯಾವ ಯಾವ ಲೈಬ್ರರಿಗಳು ಬೇಕು ಎಂಬುವನ್ನು ಸಾಲಿಗೊಂದರಂತೆ ಇಲ್ಲಿ ಬರೆಯಲಾಗುತ್ತದೆ. ಈ ಕಡತವೂ ಮೇನ್ ಕಡತವೂ ಇದ್ದರೆ ಬೇರೊಂದು ಗಣಕವು ಉಳಿದುದೆಲ್ಲವನ್ನೂ ತಾನೇ ತರಿಸಿಕೊಳ್ಳಬಲ್ಲದು. ಡಾಟ್ ಪಿಯೊ ಎಂಬ ಗುಪ್ತ ಫೋಲ್ಡರಿನಲ್ಲಿ ಇರುವುದು ಹೀಗೆ ತರಿಸಿಕೊಂಡ ಮತ್ತು ತಿರುಗಿಸಿದ ಸಾಮಗ್ರಿ; ಅದನ್ನು ಅಳಿಸಿದರೂ ನಷ್ಟವಿಲ್ಲ.

ಲೈಬ್ರರಿಯ ಹೆಸರನ್ನು ಬರೆದರೆ ಸಾಲದು, ಅವತರಣಿಕೆಯ ಸಂಖ್ಯೆಯನ್ನೂ ಬರೆಯಬೇಕು. ಸಂಖ್ಯೆಯಿಲ್ಲದಿದ್ದರೆ ಅಂದಂದಿಗೆ ದೊರೆಯುವ ಹೊಸದು ಬರುತ್ತದೆ. ಸಂಖ್ಯೆಯ ಹಿಂದೆ ಗೋಪುರದಂಥ ಚಿಹ್ನೆಯಿದ್ದರೆ ಅದಕ್ಕೆ ಹೊಂದುವುದೆಂದು ಭಾವಿಸಲಾದ ಹೊಸ ಅವತರಣಿಕೆಗೂ ಅನುಮತಿಯಿತ್ತಂತೆ. ಚಿಹ್ನೆಯಿಲ್ಲದೆ ಸಂಖ್ಯೆಯನ್ನು ಮಾತ್ರ ಬರೆದರೆ ಅದೊಂದೇ ಬರುವುದು. ಈ ಎಚ್ಚರವು ಅತಿಯೆಂದು ತೋರಬಹುದು. ಆದರೆ ಒಂದು ನಿದರ್ಶನವನ್ನು ನೋಡಬಹುದು. ಚೀನದ ಎಸ್ಪ್ರೆಸಿಫ್ ಸಂಸ್ಥೆಯ ಇ.ಎಸ್.ಪಿ. 32 ಎಂಬ ಚಿಪ್ಪಿಗಾಗಿ ಇರುವ ಆರ್ಡುಯಿನೊ ಆಧಾರಭಾಗದ 3.0 ಅವತರಣಿಕೆಯು 2024ರಲ್ಲಿ ಬಂದಾಗ, ದೀಪದ ಪ್ರಕಾಶವನ್ನು ನಿಯಂತ್ರಿಸಲು ಅದುವರೆಗೆ ಬಳಕೆಯಲ್ಲಿದ್ದ ಕೆಲವು ಆದೇಶಗಳನ್ನು ತೆಗೆದುಹಾಕಿದರು. ಅದರ ಹಿಂದಿನ ವರ್ಷ ನಿರಾತಂಕವಾಗಿ ನಡೆದ ಪ್ರೋಗ್ರಾಮು ಹೊಸ ಅವತರಣಿಕೆಯಲ್ಲಿ ಯಂತ್ರಭಾಷೆಗೆ ತಿರುಗಲೇ ಇಲ್ಲ. ಪ್ರೋಗ್ರಾಮಿನಲ್ಲಿ ಒಂದಕ್ಷರವೂ ಬದಲಾಗಿರಲಿಲ್ಲ. ಬದಲಾದುದು ಅದರ ಪರಿಸರ.

ಹಸ್ತಪ್ರತಿಗಳ ಕೊನೆಯಲ್ಲಿ ಲಿಪಿಕಾರರು ಬರೆಯುವ ಪ್ರಶಸ್ತಿಯ ಬೆಲೆಯನ್ನು ಇತಿಹಾಸದ ವಿದ್ಯಾರ್ಥಿಗೆ ಹೇಳಬೇಕಾಗಿಲ್ಲ. ಯಾರು, ಎಂದು, ಎಲ್ಲಿ, ಯಾವ ಪ್ರತಿಯನ್ನು ನೋಡಿ ಬರೆದರೆಂಬುದು ಅದರಿಂದ ತಿಳಿಯುತ್ತದೆ. ಬಿ. ಎಲ್. ರೈಸರು 1904ರಲ್ಲಿ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ ಪ್ರಕಟಿಸಿದಾಗ ಅವುಗಳನ್ನು ತಾಲ್ಲೂಕುವಾರಾಗಿ ವಿಂಗಡಿಸಿ ಪ್ರತಿಯೊಂದಕ್ಕೂ ಸಂಖ್ಯೆಯನ್ನೂ ಸ್ಥಳದ ನಿರ್ದೇಶವನ್ನೂ ಕೊಟ್ಟರು. ಆದಕಾರಣವೇ ಗುಬ್ಬಿ ಅಥವಾ ಕುಣಿಗಲ್ ತಾಲ್ಲೂಕಿನ ಶಾಸನವೊಂದನ್ನು ಇಂದಿಗೂ ಹುಡುಕಿಕೊಂಡು ಹೋಗಬಹುದು. ಸ್ಥಳ ತಿಳಿಯದ ಕಲ್ಲಿನ ಸಾಕ್ಷ್ಯಬಲವು ಅರ್ಧಕ್ಕೆ ಇಳಿಯುತ್ತದೆ. ಅಣಿ ತಿಳಿಯದ ಅಳತೆಯ ಗತಿಯೂ ಅದೇ.

ಆದ್ದರಿಂದ ವಿನ್ಯಾಸದ ಕಡತದ ಜತೆಗೆ ರೀಡ್‌ಮಿ ಎಂಬ ಸಾದಾ ಕಡತವೊಂದನ್ನು ನಾವು ಕಡ್ಡಾಯವಾಗಿ ಇರಿಸುತ್ತೇವೆ. ಅದರಲ್ಲಿ ಊರು, ಕೊಠಡಿ, ಕಪಾಟು, ನೆಲದಿಂದ ಸಂವೇದಕದ ಎತ್ತರ, ಇರಿಸಿದ ದಿನಾಂಕ ಮತ್ತು ವೇಳೆ, ಒಂದು ಸಾಲಿನ ಅಂಕಿಯು ಎಷ್ಟು ಅಳತೆಗಳಿಂದ ಬಂದುದು, ಸಂವೇದಕವನ್ನು ಬದಲಾಯಿಸಿದ್ದರೆ ಎಂದು ಬದಲಾಯಿಸಿದುದು ಎಂಬ ವಿವರಗಳಿರುತ್ತವೆ.

6. ಮೂರು ಊರುಗಳಲ್ಲಿ ಎದುರಾದ ತೊಡಕುಗಳು

ತುಮಕೂರಿನಲ್ಲಿ ಸಿದ್ಧಪಡಿಸಿದ ಫೋಲ್ಡರನ್ನು ಪೆನ್ ಡ್ರೈವಿನಲ್ಲಿ ಗುಬ್ಬಿಗೂ ಕುಣಿಗಲ್ಲಿಗೂ ಒಯ್ದು ಅಲ್ಲಿಯ ಗಣಕಗಳಲ್ಲಿ ತೆರೆದೆವು. ಪ್ರೋಗ್ರಾಮು ಎರಡು ಕಡೆಯೂ ತಿದ್ದುಪಡಿಯಿಲ್ಲದೆ ಯಂತ್ರಭಾಷೆಗೆ ತಿರುಗಿತು. ತೊಡಕುಗಳು ಬಂದುದು ತಂತಿಯ ಕಡೆಯಿಂದ.

ಮೊದಲನೆಯದು ಯು.ಎಸ್.ಬಿ. ತಂತಿ. ಮೊಬೈಲ್ ದೂರವಾಣಿಯ ಜತೆಗೆ ಬರುವ ಕೆಲವು ತಂತಿಗಳು ವಿದ್ಯುತ್ತನ್ನು ಮಾತ್ರ ಒಯ್ಯುತ್ತವೆ. ಮಾಹಿತಿಯನ್ನು ಒಯ್ಯುವ ಎಳೆಗಳು ಅವುಗಳಲ್ಲಿ ಇರುವುದಿಲ್ಲ. ಫಲಕದ ದೀಪವು ಉರಿಯುವುದರಿಂದ ತಂತಿಯು ಸರಿಯಾಗಿದೆಯೆಂಬ ಭ್ರಮೆಯುಂಟಾಗುತ್ತದೆ. ಇ.ಎಸ್.ಪಿ. 32ರಂಥ ಫಲಕಗಳಲ್ಲಿ ಈ ತೊಡಕು ವಿಶೇಷ. ಏಕೆಂದರೆ ದೂರವಾಣಿಯ ತಂತಿಯೇ ಅವುಗಳಿಗೂ ಹೊಂದುತ್ತದೆ. ಗಣಕವು ಫಲಕವನ್ನು ಗುರುತಿಸದಿದ್ದರೆ ಮೊದಲು ತಂತಿಯನ್ನು ಬದಲಾಯಿಸಿ ನೋಡಬೇಕು.

ಎರಡನೆಯದು ಡ್ರೈವರ್. ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಅನೇಕ ಉನೊ ಮಾದರಿಗಳಲ್ಲಿ ಯು.ಎಸ್.ಬಿ. ಸಂಪರ್ಕಕ್ಕೆ ಸಿ.ಎಚ್. 340 ಎಂಬ ಚಿಪ್ಪನ್ನು ಬಳಸಿರುತ್ತಾರೆ. ಕೆಲವು ವಿಂಡೋಸ್ ಗಣಕಗಳಲ್ಲಿ ಇದರ ಡ್ರೈವರನ್ನು ಬೇರೆಯಾಗಿ ಸ್ಥಾಪಿಸಬೇಕಾಗುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಪೋರ್ಟ್ಸ್ ಎಂಬ ಶೀರ್ಷಿಕೆಯ ಕೆಳಗೆ ಕಾಮ್ 3, ಕಾಮ್ 5 ಎಂಬಂಥ ಹೆಸರು ಕಂಡರೆ ಡ್ರೈವರ್ ಇದೆಯೆಂದು ತಿಳಿಯಬೇಕು. ಈ ಸಂಖ್ಯೆಯು ಗಣಕದಿಂದ ಗಣಕಕ್ಕೆ ಬೇರೆಯಾಗುವುದರಿಂದ ಅದನ್ನು ವಿನ್ಯಾಸದ ಕಡತದಲ್ಲಿ ಬರೆಯಬಾರದು; ಬರೆಯದಿದ್ದರೆ ಪ್ಲಾಟ್‌ಫಾರ್ಮ್‌ಐಒ ತಾನೇ ಹುಡುಕಿಕೊಳ್ಳುತ್ತದೆ. ಲಿನಕ್ಸಿನಲ್ಲಿಯಾದರೆ ಬಳಕೆದಾರನನ್ನು ಸಾಮಾನ್ಯವಾಗಿ ಡಯಲ್‌ಔಟ್ ಎಂಬ ಗುಂಪಿಗೆ ಸೇರಿಸಿ, ಹೊರಬಂದು ಮತ್ತೆ ಪ್ರವೇಶಿಸಬೇಕು.

ಮೂರನೆಯದು ಒಂದೇ ಪೋರ್ಟಿಗೆ ಇಬ್ಬರ ಪೈಪೋಟಿ. ಬೇರೊಂದು ತಂತ್ರಾಂಶದಲ್ಲಿ ಸೀರಿಯಲ್ ಮಾನಿಟರು ತೆರೆದಿದ್ದರೆ ಪ್ರೋಗ್ರಾಮನ್ನು ಏರಿಸಲು ಅನುಮತಿಯಿಲ್ಲವೆಂಬ ದೋಷಸೂಚನೆ ಬರುತ್ತದೆ. ಅದನ್ನು ಮುಚ್ಚಿದರೆ ಸರಿಹೋಗುವುದು.

ನಾಲ್ಕನೆಯದು ವೇಗದ ಭೇದ. ಪ್ರೋಗ್ರಾಮಿನಲ್ಲಿ 9600 ಎಂದಿದ್ದು ಮಾನಿಟರಿನಲ್ಲಿ 115200 ಎಂದಿದ್ದರೆ ತೆರೆಯ ಮೇಲೆ ಅರ್ಥವಿಲ್ಲದ ಅಕ್ಷರಗಳು ಬರುತ್ತವೆ. ಉಪಕರಣವು ಕೆಟ್ಟಿತೆಂದು ಹೆದರಬೇಕಾಗಿಲ್ಲ. ಎರಡನ್ನೂ ಒಂದಾಗಿಸಿದರೆ ಸಾಕು.

7. ಕನ್ನಡದ ಸಂಗತಿ

ಪ್ರೋಗ್ರಾಮಿನ ಆದೇಶಗಳು ಇಂಗ್ಲಿಷಿನಲ್ಲಿರುತ್ತವೆ. ಆದರೆ ಟಿಪ್ಪಣಿಗಳನ್ನು ಕನ್ನಡದಲ್ಲಿ ಬರೆಯಲು ಯಾವ ಅಡ್ಡಿಯೂ ಇಲ್ಲ. ಕಂಪೈಲರು ಟಿಪ್ಪಣಿಗಳನ್ನು ಬಿಟ್ಟುಬಿಡುವುದರಿಂದ ಅವು ಚಿಪ್ಪಿನಲ್ಲಿ ಸ್ಥಳವನ್ನು ಆಕ್ರಮಿಸುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಈ ಸಾಲು ಏಕೆ ಇದೆ ಎಂಬುದನ್ನು ತನ್ನ ಭಾಷೆಯಲ್ಲಿ ಬರೆದಾಗ ಅವನಿಗೆ ಅದು ನಿಜವಾಗಿ ತಿಳಿದಿದೆಯೇ ಎಂಬುದೂ ಗೊತ್ತಾಗುತ್ತದೆ.

ಆದರೆ ಬರವಣಿಗೆಯು ಯೂನಿಕೋಡಿನಲ್ಲಿ ಇರಬೇಕು. ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಆಸ್ಕಿ ಕ್ರಮದಲ್ಲಿ ಬೆರಳಚ್ಚಾದ ಪಠ್ಯವನ್ನು ಇಲ್ಲಿ ತಂದರೆ ರೋಮನ್ ಅಕ್ಷರಗಳ ಗೊಂದಲವು ಕಾಣುತ್ತದೆ. ಸಂಪಾದಕದ ಕೆಳಪಟ್ಟಿಯಲ್ಲಿ ಯು.ಟಿ.ಎಫ್. 8 ಎಂದಿರುವುದನ್ನು ನೋಡಿಕೊಳ್ಳಬೇಕು. ಸೆಟ್ಟಿಂಗ್ಸಿನ ಅಕ್ಷರಶೈಲಿಯ ಸ್ಥಾನದಲ್ಲಿ ಈಗಿರುವ ಹೆಸರುಗಳ ಕೊನೆಗೆ ನಿರ್ಮಲಾ ಯು.ಐ. ಅಥವಾ ನೋಟೊ ಸಾನ್ಸ್ ಕನ್ನಡ ಎಂಬುದನ್ನು ಸೇರಿಸಿ ಸಾಲಿನ ಎತ್ತರವನ್ನು ತುಸು ಹೆಚ್ಚಿಸಿದರೆ ಒತ್ತಕ್ಷರಗಳು ಸ್ಫುಟವಾಗಿ ಕಾಣುತ್ತವೆ.

ಒಂದು ಎಚ್ಚರಿಕೆಯನ್ನು ಹೇಳಬೇಕು. ಟಿಪ್ಪಣಿಯಲ್ಲಿನ ಕನ್ನಡ ಬೇರೆ, ಉದ್ಧರಣಚಿಹ್ನೆಯೊಳಗೆ ಉಪಕರಣವು ಬರೆಯಬೇಕಾದ ಕನ್ನಡ ಬೇರೆ. ಎರಡನೆಯದು ಚಿಪ್ಪಿನ ಸ್ಥಳವನ್ನು ಬಳಸುತ್ತದೆ. ಯು.ಟಿ.ಎಫ್. 8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟು. ಸ್ವರಚಿಹ್ನೆ, ವಿರಾಮಚಿಹ್ನೆಗಳೂ ಬೇರೆ ಬೇರೆ ಸಂಕೇತಗಳೇ. ಗುಬ್ಬಿ ಎಂಬ ಪದದಲ್ಲಿ 6 ಸಂಕೇತಗಳಿರುವುದರಿಂದ 18 ಬೈಟು. ತುಮಕೂರು, ಕುಣಿಗಲ್ ಎಂಬುವಕ್ಕೆ ತಲಾ 7ರಂತೆ 21 ಬೈಟು. ಉನೊ ಫಲಕದ ಸ್ಮೃತಿಯು 2048 ಬೈಟು. ಅದರಲ್ಲಿ ಸ್ಮೃತಿಕಾರ್ಡಿನ ಲೈಬ್ರರಿಯೇ 512 ಬೈಟನ್ನು ಹಿಡಿದಿಡುತ್ತದೆ. ಹೀಗಿರುವಲ್ಲಿ ಉದ್ದವಾದ ಕನ್ನಡ ವಾಕ್ಯಗಳನ್ನು ಉಪಕರಣದಿಂದ ಬರೆಸುವುದು ಸಲ್ಲದು. ಅಂಥ ಅಗತ್ಯವಿದ್ದರೆ ಎಫ್ ಎಂಬ ಆವರಣದೊಳಗೆ ವಾಕ್ಯವನ್ನಿರಿಸಿ ಅದು 32 ಕಿಲೋಬೈಟಿನ ಭಾಗದಲ್ಲಿಯೇ ಉಳಿಯುವಂತೆ ಮಾಡಬಹುದು. ನಾವು ಊರುಗಳಿಗೆ ಒಂದೊಂದು ಅಂಕಿಯನ್ನು ಕೊಟ್ಟು ಅದರ ಅರ್ಥವನ್ನು ರೀಡ್‌ಮಿ ಕಡತದಲ್ಲಿ ಕನ್ನಡದಲ್ಲಿ ಬರೆದಿದ್ದೇವೆ.

8. ಕಾಲನಿರ್ಣಯ

ಪೀಠಿಕೆಯಲ್ಲಿ ಹೇಳಿದ ದಾಖಲೆಯ ಸಂಖ್ಯೆಯು ಎರಡು ಬಾರಿ ಸೊನ್ನೆಗೆ ಮರಳಿದುದೇಕೆಂಬುದನ್ನು ಈಗ ವಿಚಾರಿಸಬಹುದು. ಆರ್ಡುಯಿನೊ ತಾನು ಆರಂಭವಾದಂದಿನಿಂದ ಮಿಲಿಸೆಕೆಂಡುಗಳನ್ನು ಎಣಿಸುವ ಪಾತ್ರೆಯು 32 ದ್ವಿಮಾನ ಸ್ಥಾನಗಳದು. ಅದರಲ್ಲಿ ಹಿಡಿಯುವುದು 4,29,49,67,296 ಎಣಿಕೆಗಳು. ಎಂದರೆ 49 ದಿನ 17 ಗಂಟೆಗಳಿಗೆ ತುಸು ಹೆಚ್ಚು. ಅದು ತುಂಬಿದೊಡನೆ ಎಣಿಕೆಯು ಸೊನ್ನೆಯಿಂದ ಮೊದಲಾಗುತ್ತದೆ. ವಿದ್ಯುತ್ತು ಹೋಗಿ ಬಂದರೂ ಸೊನ್ನೆಯಿಂದಲೇ ಮೊದಲಾಗುತ್ತದೆ. ಒಂದನೆಯ ಕಾರಣದಲ್ಲಿ ಕಾಲವು ನಷ್ಟವಾಗಿಲ್ಲ. ಎರಡನೆಯದರಲ್ಲಿ ಎಷ್ಟು ಹೊತ್ತು ನಷ್ಟವಾಯಿತೆಂಬುದನ್ನು ಹೇಳಲಾಗದು.

ಸಂವತ್ಸರದ ಹೆಸರು ಮಾತ್ರ ಇದ್ದು ಶಕವರ್ಷವಿಲ್ಲದ ಶಾಸನವನ್ನು ಓದಿದವರಿಗೆ ಈ ಕಷ್ಟವು ಪರಿಚಿತವೇ ಆಗಿದೆ. ವಿಶ್ವಾವಸು ಸಂವತ್ಸರವು 1965ರಲ್ಲಿಯೂ ಬಂದಿತು, 2025ರಲ್ಲಿಯೂ ಬಂದಿತು. ಹೆಸರೊಂದರಿಂದ ಯಾವ ಆವರ್ತವೆಂದು ತಿಳಿಯದು. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ದೊರೆತ ರಾಷ್ಟ್ರಕೂಟ ಪ್ರಭೂತವರ್ಷನ ತಾಮ್ರಪಟಗಳಲ್ಲಿ ಶಕವರ್ಷ 735 ಎಂದು ನಿರ್ದಿಷ್ಟವಾಗಿರುವುದರಿಂದಲೇ ಅದನ್ನು ಕ್ರಿ. ಶ. 812ರ ಸುಮಾರಿನ ಕಾಲನಿರ್ದೇಶವೆಂದು ಹೇಳಲು ಸಾಧ್ಯವಾಗುತ್ತದೆ.

ಪರಿಹಾರವು ಡಿ.ಎಸ್. 3231 ಎಂಬ ಗಡಿಯಾರದ ಚಿಪ್ಪು. ಇದರಲ್ಲಿ ಸೆಕೆಂಡಿಗೆ 32,768 ಬಾರಿ ಕಂಪಿಸುವ ಸ್ಫಟಿಕವಿದೆ. ಆ ಸಂಖ್ಯೆಯನ್ನು ಹದಿನೈದು ಬಾರಿ ಅರ್ಧಿಸಿದರೆ ಸೆಕೆಂಡಿಗೆ ಒಂದು ಮಿಡಿತವು ದೊರೆಯುತ್ತದೆ. ಸ್ಫಟಿಕದ ಕೈಗಡಿಯಾರಗಳ ತತ್ತ್ವವೂ ಇದೇ. ತುಮಕೂರಿನವರಿಗೆ ಗಡಿಯಾರದ ಮಾತು ಹೊಸದಲ್ಲ, ಎಚ್.ಎಂ.ಟಿ. ಕೈಗಡಿಯಾರಗಳ ಕಾರ್ಖಾನೆಯು ಈ ನಗರದಲ್ಲಿ ಅನೇಕ ವರ್ಷ ನಡೆಯಿತು. ಎಚ್.ಎಂ.ಟಿ. ವಾಚಸ್ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರ ಜನವರಿಯಲ್ಲಿ ಒಪ್ಪಿಗೆಯಿತ್ತಿತು. ನಾವು ಬಳಸಿದ ಚಿಪ್ಪಿನ ದೋಷವು ಹತ್ತು ಲಕ್ಷಕ್ಕೆ ಎರಡು ಭಾಗ, ಎಂದರೆ ವರ್ಷಕ್ಕೆ ಸುಮಾರು ಒಂದು ನಿಮಿಷ. ವಿದ್ಯುತ್ತು ಹೋದರೂ ನಾಣ್ಯದಾಕಾರದ ಚಿಕ್ಕ ಬ್ಯಾಟರಿಯಿಂದ ಅದು ನಡೆಯುತ್ತಲೇ ಇರುತ್ತದೆ. ಇದರ ಲೈಬ್ರರಿಯನ್ನೂ ಅವತರಣಿಕೆಯ ಸಂಖ್ಯೆಯೊಡನೆ ವಿನ್ಯಾಸದ ಕಡತದಲ್ಲಿ ನಮೂದಿಸಬೇಕು. ಗಡಿಯಾರವನ್ನು ಭಾರತೀಯ ಕಾಲಮಾನಕ್ಕೆ ಹೊಂದಿಸಿದ ದಿನವನ್ನು ರೀಡ್‌ಮಿಯಲ್ಲಿ ಬರೆಯಬೇಕು.

9. ಪ್ರತಿಗಳ ಪರಂಪರೆ

ಪ್ರೋಗ್ರಾಮನ್ನು ಮಳೆಗಾಲದ ನಡುವೆ ತಿದ್ದಿದರೆ ತಿದ್ದುವ ಮೊದಲಿನ ಅಳತೆಗಳಿಗೂ ಅನಂತರದ ಅಳತೆಗಳಿಗೂ ಭೇದವುಂಟಾಗಬಹುದು. ಯಾವ ದಿನ ಯಾವ ಪಾಠವಿದ್ದಿತೆಂಬುದನ್ನು ಉಳಿಸಲು ಗಿಟ್ ಎಂಬ ತಂತ್ರಾಂಶವಿದೆ. ಲಿನಕ್ಸನ್ನು ಆರಂಭಿಸಿದ ಲೈನಸ್ ಟೋರ್ವಾಲ್ಡ್ಸ್ ಅವರು 2005ರಲ್ಲಿ ಇದನ್ನು ರಚಿಸಿದರು. ಇದನ್ನು ಬೇರೆಯಾಗಿ ಸ್ಥಾಪಿಸಿದರೆ ನಮ್ಮ ಸಂಪಾದಕದ ಎಡಪಟ್ಟಿಯಿಂದಲೇ ಬಳಸಬಹುದು. ತಿದ್ದಿದಾಗಲೆಲ್ಲ ಕಾರಣವನ್ನು ಒಂದು ಸಾಲಿನಲ್ಲಿ ಕನ್ನಡದಲ್ಲಿಯೇ ಬರೆದು ಮುದ್ರೆಯೊತ್ತಿದರೆ ಹಿಂದಿನ ಪಾಠಗಳೆಲ್ಲವೂ ದಿನಾಂಕಸಹಿತವಾಗಿ ಉಳಿಯುತ್ತವೆ. ಗ್ರಂಥಸಂಪಾದಕನು ಪ್ರತಿಗಳನ್ನು ಹೋಲಿಸಿ ಶ್ರಮದಿಂದ ಊಹಿಸಬೇಕಾದ ವಂಶವೃಕ್ಷವು ಇಲ್ಲಿ ತಾನಾಗಿಯೇ ದೊರೆಯುತ್ತದೆ. ಆದರೂ ಒಂದೇ ಗಣಕವನ್ನು ನಂಬಬಾರದು. ಮೂರು ಊರುಗಳಲ್ಲಿಯೂ ಒಂದೊಂದು ಪ್ರತಿಯನ್ನು ಇರಿಸಿ, ಪ್ರೋಗ್ರಾಮಿನ ಮುಖ್ಯ ಕಡತಗಳನ್ನು ಕಾಗದದ ಮೇಲೆ ಮುದ್ರಿಸಿ ಅಳತೆಗಳ ಪುಸ್ತಕದೊಡನೆ ಕಟ್ಟಿಸಿದ್ದೇವೆ.

10. ಉಪಸಂಹಾರ

ಮೇಲೆ ವಿವರಿಸಿದ ಅಣಿಗೆ ಹೆಚ್ಚೆಂದರೆ ಒಂದು ದಿನ ಹಿಡಿಯುತ್ತದೆ. ಇದಕ್ಕೆ ಎಂಜಿನಿಯರಿಂಗ್ ಪದವಿಯು ಅಗತ್ಯವಲ್ಲ. ಹತ್ತಿರದ ಎಂಜಿನಿಯರಿಂಗ್ ಅಥವಾ ಭೌತಶಾಸ್ತ್ರ ವಿಭಾಗದ ಮಿತ್ರರು ಒಮ್ಮೆ ಪಕ್ಕದಲ್ಲಿ ಕುಳಿತರೆ ಕೆಲಸವು ಇನ್ನೂ ಹಗುರವಾಗುತ್ತದೆ. ಅವರು ತಂತಿಯನ್ನು ನಮಗಿಂತ ಚೆನ್ನಾಗಿ ಬಲ್ಲರು. ದಾಖಲೆಯೊಂದು ಯಾವಾಗ ಪ್ರಮಾಣವಾಗುತ್ತದೆ, ಯಾವಾಗ ಆಗುವುದಿಲ್ಲ ಎಂಬುದನ್ನು ವಿಚಾರಿಸುವ ಅಭ್ಯಾಸವು ನಮ್ಮ ವಿಭಾಗದ್ದು. ಎರಡೂ ಕೂಡಿದಲ್ಲಿ ಮಾತ್ರ ಇಂಥ ಕೆಲಸವು ನಿಲ್ಲುತ್ತದೆ.

ಹಿಂದೆ ನಮ್ಮ ಊರುಗಳಲ್ಲಿ ಕಡತವೆಂದರೆ ಮಸಿ ಹಚ್ಚಿ ಗಟ್ಟಿಗೊಳಿಸಿ ಮಡಿಸಿದ ಬಟ್ಟೆಯ ಪುಸ್ತಕ. ಬಳಪದಿಂದ ಅದರ ಮೇಲೆ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಗಣಕದೊಳಗಿನ ಬರಹಕ್ಕೂ ಇಂದು ಕಡತವೆಂದೇ ಹೆಸರು ಬಂದಿದೆ. ಹಳೆಯ ಕಡತವನ್ನು ಬರೆದವನು ಊರು, ತಿಥಿ, ಹೆಸರುಗಳನ್ನು ನಮೂದಿಸಿದ್ದರೆ ನಾವು ಅವನಿಗೆ ಕೃತಜ್ಞರಾಗುತ್ತೇವೆ, ನಮೂದಿಸದಿದ್ದರೆ ಪೇಚಾಡುತ್ತೇವೆ. ಮುಂದೊಂದು ದಿನ ನಮ್ಮ ಕಡತಗಳನ್ನು ತೆರೆಯುವವರಿಗೆ ಆ ಪೇಚಾಟವು ಬರದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿಯೇ ಇದೆ. ಹಸ್ತಪ್ರತಿಗಳನ್ನು ಇರಿಸಿಕೊಂಡಿರುವ ಇತರ ಕಾಲೇಜುಗಳ ಅಧ್ಯಾಪಕರೂ ವಿದ್ಯಾರ್ಥಿಗಳೂ ಬರುವ ಮುಂಗಾರಿಗೆ ಮೊದಲೇ ಈ ಕಾರ್ಯದಲ್ಲಿ ತೊಡಗಿದರೆ ಈ ಲೇಖಕನ ಶ್ರಮವು ಸಾರ್ಥಕವಾಗುತ್ತದೆ.